ಸೋಲುತ್ತಾಳೆ ಎಂದವಳು ನಾನೇ

ನೆಂಟರು ಎದ್ದು ಹೋದ ಮೇಲೆ ಅವರ ತಟ್ಟೆಗಳನ್ನು ಒಂದು ಗಳಿಗೆ ನೋಡದೆ ತೊಳೆಯಲು ಹಾಕುವವಳಲ್ಲ ನಾನು. ನೀವು ನಗಬಹುದು. ಕಾರ್ಕಳದ ಬಸ್‌ಸ್ಟ್ಯಾಂಡಿನ ಹತ್ತಿರ ನಾನೂ ಯಜಮಾನರೂ ಬಹಳ ವರ್ಷ ಸಣ್ಣದೊಂದು ಹೋಟೆಲು ನಡೆಸಿದವರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಓದಲು ಸಿಕ್ಕಿದ್ದು ಪುಸ್ತಕಗಳಿಗಿಂತ ಹೆಚ್ಚಾಗಿ ಎಂಜಲು ತಟ್ಟೆಗಳು. ಗಲ್ಲಾದ ಎದುರು ನಿಂತು ಚಟ್ನಿಯನ್ನು ಬಾಯ್ತುಂಬ ಹೊಗಳಿದವರಲ್ಲಿ ಹೆಚ್ಚಿನವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಇದಕ್ಕೆ ಎಂತ ಹಾಕಿದ್ದೀರಿ, ನಿನ್ನೆಯ ಖಾರ ಇವತ್ತು ಇಲ್ಲವಲ್ಲ ಎಂದು ತಗಾದೆ ತೆಗೆದವರು ಮಾರನೆಯ ದಿನವೂ ಅದೇ ಬೆಂಚಿನಲ್ಲಿ ಕುಳಿತಿರುತ್ತಿದ್ದರು. ಹೀಗೆ ಮನುಷ್ಯರ ಮುಂದಿನ ನಡೆಯನ್ನು ಊಹಿಸುವ ಒಂದು ಚಟ ನನಗೆ ಅಂಟಿಕೊಂಡಿತು. ಊಹೆ ಸರಿಹೋದಾಗ ಬರುವ ಖುಷಿ ಇದೆಯಲ್ಲ, ಅದು ಅಷ್ಟೇನೂ ಒಳ್ಳೆಯ ಖುಷಿಯಲ್ಲ. ಆದರೂ ಅದಿಲ್ಲದೆ ನನಗೆ ಹೊತ್ತು ಹೋಗುವುದಿಲ್ಲ.

ಈಗ ನಾನಿರುವುದು ಸಿಡ್ನಿಯ ಅಂಚಿನ ಸ್ಕೋಫೀಲ್ಡ್ಸಿನಲ್ಲಿ, ಮಗ ಪ್ರಕಾಶನ ಮನೆಯಲ್ಲಿ. ಸೊಸೆ ವಿದ್ಯಾ ಮೈಸೂರಿನವಳು. ತುಳು ಬಾರದು, ಹಾಗಾಗಿ ನಮ್ಮ ಮನೆಯ ಜಗಳಗಳೆಲ್ಲ ಕನ್ನಡದಲ್ಲೇ ನಡೆಯುತ್ತವೆ. ಹಗಲು ಮ್ಯಾಕ್ವೆರಿ ಪಾರ್ಕಿನ ಔಷಧಿ ಕಂಪನಿಯಲ್ಲಿ ದುಡಿದು, ಸಂಜೆ ಬಂದು ಪಕ್ಷದ ಕೆಲಸಕ್ಕೆ ಕೂರುವವಳು ಅವಳು. ಈ ದೇಶದ ಮೇಲ್ಮನೆಗೆ ಸೆನೆಟ್ ಎನ್ನುತ್ತಾರೆ. ಅದರ ಚುನಾವಣೆಗೆ ನಿಲ್ಲುವ ಮೊದಲು ಪಕ್ಷದ ಒಳಗೇ ಇನ್ನೊಂದು ಚುನಾವಣೆ ಗೆಲ್ಲಬೇಕು: ಪಕ್ಷದ ಸದಸ್ಯರು ಸೇರಿ ಓಟು ಹಾಕಿ, ನಮ್ಮ ಕಡೆಯಿಂದ ಇಂಥವರು ನಿಲ್ಲಲಿ ಎಂದು ಆರಿಸುತ್ತಾರೆ. ಇಲ್ಲಿಯವರು ಅದಕ್ಕೆ ಪ್ರಿಸೆಲೆಕ್ಷನ್ ಎನ್ನುತ್ತಾರೆ. ಈ ಸಲ ಗೆಲ್ಲುವಂಥ ಜಾಗ ಇದ್ದದ್ದು ಒಂದೇ, ಅದಕ್ಕೆ ಕೈಚಾಚಿದವರು ಇಬ್ಬರು. ಒಬ್ಬಳು ನಮ್ಮ ವಿದ್ಯಾ. ಇನ್ನೊಬ್ಬ ಪೇಟೆಯ ವಕೀಲ, ಅವನ ಅಪ್ಪನೂ ಪಕ್ಷದ ದೊಡ್ಡ ಮನುಷ್ಯನೇ ಆಗಿದ್ದವನು.

ಯಾರು ಗೆಲ್ಲುತ್ತಾರೆ? ನಮ್ಮ ಮನೆಯಲ್ಲಿ ಅನ್ನಕ್ಕೆ ಉಪ್ಪು ಹಾಕಿದ್ದೇವೋ ಇಲ್ಲವೋ ಎನ್ನುವುದಕ್ಕಿಂತ ಹೆಚ್ಚಾಗಿ ಈ ಪ್ರಶ್ನೆಯೇ ಓಡಾಡತೊಡಗಿತು. ಮಗನಿಗೆ ಹೆಂಡತಿ ಗೆಲ್ಲುವುದರಲ್ಲಿ ಸಂಶಯವಿರಲಿಲ್ಲ. ಮೆಲ್ಬರ್ನಿನಿಂದ ಮಗಳು ಶೋಭಾ ದಿನಾ ಫೋನು ಮಾಡಿ, "ಅಮ್ಮ, ವಕೀಲನೇ ಬರುದು. ಇವರೂ ಅದನ್ನೇ ಹೇಳುದು" ಎನ್ನುತ್ತಿದ್ದಳು. ಅಳಿಯ ಇರುವುದು ಮೆಲ್ಬರ್ನಿನಲ್ಲಿ, ಈ ಓಟಿಗೂ ಅವನಿಗೂ ಸಂಬಂಧವಿಲ್ಲ. ಆದರೆ ಸಂಬಂಧವಿಲ್ಲದವರ ಊಹೆಗೇ ಗಟ್ಟಿ ದನಿ ಇರುತ್ತದೆ ಎಂಬುದನ್ನು ನೀವೂ ಕಂಡಿರಬಹುದು.

ಓಟಿಗೆ ಕೆಲವು ವಾರ ಮೊದಲು ವಿದ್ಯಾ ನಮ್ಮ ಸುತ್ತಿನ ಸದಸ್ಯರನ್ನು ಮನೆಗೆ ಚಹಾಕ್ಕೆ ಕರೆದಳು. ನಾನು ಗೋಳಿಬಜೆ ಕರಿದೆ. ನಮ್ಮವರೂ ಬಂದರು, ಬಿಳಿಯರೂ ಬಂದರು. ವಿದ್ಯಾ ಎದ್ದು ನಿಂತು ತಾನು ಈ ದೇಶಕ್ಕೆ ಬಂದ ಕಥೆಯನ್ನು ಚೆಂದವಾಗಿ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ಗೋಳಿಬಜೆಯನ್ನೂ ಅವಳನ್ನೂ ಒಂದೇ ಉಸಿರಿನಲ್ಲಿ ಹೊಗಳಿದರು, ನಮ್ಮ ಓಟು ನಿಮಗೇ ಎಂದು ಕೈ ಕುಲುಕಿದರು. ಜೋನ್ ಎಂಬ ಮುದುಕಿ ಮಾತ್ರ ಕೈಯಲ್ಲಿದ್ದ ಗೋಳಿಬಜೆಯನ್ನು ಮುರಿದು ಒಳಗೆ ಏನಿದೆ ಎಂದು ನೋಡಿದಳು. ಇಲ್ಲಿ ಬರೀ ಹೊಲಗಳಿದ್ದ ಕಾಲದಿಂದ ಇರುವವಳು, ನರ್ಸಾಗಿ ನಿವೃತ್ತಳಾದವಳು. ನಮ್ಮ ಕಡೆ ಇಷ್ಟೊಂದು ಮನೆ ಎದ್ದವಲ್ಲ, ಬಸ್ಸು ಎಲ್ಲಿ, ಆಸ್ಪತ್ರೆ ಎಲ್ಲಿ, ಸೆನೆಟಿನಲ್ಲಿ ಕೂತು ನೀನು ಅದಕ್ಕೆ ಏನು ಮಾಡಬಲ್ಲೆ ಎಂದು ಕೇಳಿದಳು. ವಿದ್ಯಾ ಕರಪತ್ರದಲ್ಲಿ ಅಚ್ಚಾಗಿದ್ದುದನ್ನೇ ಹೇಳಿದಳು. "ಅದು ಉತ್ತರ ಅಲ್ಲ, ಲವ್" ಎಂದಳು ಜೋನ್. ನಾವು ಮಗಾ ಎನ್ನುವ ಹಾಗೆ ಇಲ್ಲಿಯ ಹಿರಿಯರು ಲವ್ ಎನ್ನುತ್ತಾರೆ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ, ಆದರೂ ಅದು ನನಗೆ ಅರ್ಥವಾಯಿತು.

ಎಲ್ಲರೂ ಹೋದ ಮೇಲೆ ವಿದ್ಯಾ ಸೋಫಾದಲ್ಲಿ ಕುಸಿದು ಕುಳಿತು, "ಅತ್ತೆ, ಚೆನ್ನಾಗಾಯ್ತಲ್ವಾ? ಎಲ್ರೂ ಎಷ್ಟು ಸಪೋರ್ಟ್ ಮಾಡಿದ್ರು!" ಎಂದಳು.

"ನೀನು ಸೋಲ್ತಿ" ಎಂದೆ.

"ಅಮ್ಮ! ಸ್ವಲ್ಪ ಮೆತ್ತಗೆ ಹೇಳ್ಲಿಕ್ಕಾಗುದಿಲ್ವಾ?" ಎಂದು ಪ್ರಕಾಶ ರೇಗಿದ.

"ಮೆತ್ತಗೆ ಹೇಳಿದ್ರೆ ಸೋಲುದು ತಪ್ತದಾ? ಅಷ್ಟು ಜನ ಹೊಗಳಿದರು, ಒಬ್ಬರಾದರೂ ಇವಳ ಹತ್ರ ಏನಾದರೂ ಕೇಳಿದರಾ? ನಮ್ಮವರಿಗೆ ಉಂಡ ಮನೆಯಲ್ಲಿ ಇಲ್ಲ ಅಂತ ಹೇಳಿ ಅಭ್ಯಾಸ ಇಲ್ಲ, ಅದಕ್ಕೆ ಹೂಂ ಅಂದರು. ಕೇಳಿದ್ದು ಆ ಜೋನ್ ಒಬ್ಬಳೇ. ಅವಳಿಗೆ ನೀನು ಕಾಗದ ಓದಿ ಹೇಳಿದೆ."

"ಅವ್ರು ನನ್ ವಿರುದ್ಧ ಇದಾರೆ, ಬಿಡಿ ಅತ್ತೆ" ಎಂದು ವಿದ್ಯಾ ಎದ್ದು ಹೋದಳು. ಮಾರನೆಯ ಬೆಳಿಗ್ಗೆ ನನ್ನ ಕಾಫಿ ಲೋಟವನ್ನು ಮೇಜಿನ ಮೇಲೆ ಇಟ್ಟ ಸದ್ದು ಆಚೆಯ ಊರು ಕೆಲ್ಲಿವಿಲ್‌ವರೆಗೆ ಕೇಳಿಸಿರಬೇಕು.

ನಾನು ಹೇಳಿದ್ದನ್ನು ಹಿಂತೆಗೆದುಕೊಳ್ಳಲಿಲ್ಲ. ಆದರೆ ಆ ವಾರದ ಕೊನೆಗೆ ಅವಳೇ ಬಂದು, "ಕಾರ್ ಹತ್ತಿ ಅತ್ತೆ. ನೀವೇ ಹಚ್ಚಿದ ಬೆಂಕಿ, ನೀವೂ ಬನ್ನಿ" ಎಂದಳು. ಹೋದದ್ದು ಜೋನಳ ಮನೆಗೆ. ಆ ಮುದುಕಿ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು. ವಿದ್ಯಾ ತನಗೆ ಗೊತ್ತಿಲ್ಲವೆಂದೂ, ತಿಳಿದುಕೊಂಡು ಬಂದು ಹೇಳುತ್ತೇನೆಂದೂ, ಅಷ್ಟರೊಳಗೆ ನಿಮಗೆ ಇನ್ನೇನೇನು ಸಿಟ್ಟಿದೆಯೋ ಎಲ್ಲ ಹೇಳಿಬಿಡಿ ಎಂದೂ ಹೇಳಿದಳು. ಜೋನ್ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ನಮಗೆ ಚಹಾ ಸಿಕ್ಕಿತು. ವಿದ್ಯಾಳಿಗೆ ಚಹಾ ಆರುವವರೆಗೂ ಬೈಗುಳ ಸಿಕ್ಕಿತು.

ಅಂದಿನಿಂದ ಸೊಸೆಯ ಫೋನಿನ ರೀತಿಯೇ ಬದಲಾಯಿತು. ಮೊದಲು ತನ್ನ ಬಗ್ಗೆ ಹೇಳುತ್ತಿದ್ದವಳು ಈಗ ಬರೀ ಕೇಳುತ್ತಿದ್ದಳು. ಓಟು ಕೊಡುತ್ತೇನೆಂದವರನ್ನು ಬಿಟ್ಟು, ಮುಖ ತಿರುಗಿಸಿದವರ ಮನೆಗಳನ್ನೇ ಹುಡುಕಿಕೊಂಡು ಹೋಗುತ್ತಿದ್ದಳು. ಹೋದ ಮನೆಗೆ ಉತ್ತರ ಹಿಡಿದುಕೊಂಡು ಎರಡನೆಯ ಸಲ ಹೋಗುತ್ತಿದ್ದಳು. ನಾನು ಇದನ್ನೆಲ್ಲ ಅಡಿಗೆಮನೆಯಿಂದ ನೋಡುತ್ತಿದ್ದೆ, ಆದರೂ ನನ್ನ ಊಹೆಯನ್ನು ಬದಲಾಯಿಸಬೇಕೆಂದು ಹೊಳೆಯಲಿಲ್ಲ. ಒಮ್ಮೆ ಹೇಳಿದ ಮೇಲೆ ಊಹೆಯೂ ಸ್ವಂತ ಆಸ್ತಿಯ ಹಾಗೆ. ಬೇಲಿ ಹಾಕಿ ಕಾಯತೊಡಗುತ್ತೇವೆ. ಓಟಿನ ಹಿಂದಿನ ದಿನ ಶೋಭಾ ಕೇಳಿದಾಗಲೂ, "ಸೋಲ್ತಾಳೆ, ಎಂತ ಸಂಶಯ" ಎಂದೆ.

ಶನಿವಾರ ಪಕ್ಷದ ಓಟು ನಡೆದ ಸಭಾಂಗಣದ ಹೊರಗಿನ ಜಗಲಿಯಲ್ಲಿ ನಾನೂ ಪ್ರಕಾಶನೂ ಕುಳಿತಿದ್ದೆವು. ಸೋತು ಬರುವವಳನ್ನು ಕಾರಿಗೆ ಹತ್ತಿಸಿ, ಮಾತಾಡಿಸದೆ ಮನೆಗೆ ಕರೆದುಕೊಂಡು ಹೋಗುವುದೆಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದೆ. ಬಾಗಿಲು ತೆರೆದಾಗ ಮೊದಲು ಬಂದವಳು ಜೋನ್. ಪ್ರಕಾಶನನ್ನು ದಾಟಿ ನೇರ ನನ್ನ ಹತ್ತಿರ ಬಂದು, ಎರಡೂ ಕೈಯಿಂದ ನನ್ನ ಭುಜ ಹಿಡಿದು ಅಲುಗಾಡಿಸಿ ಏನೋ ಹೇಳಿದಳು. "ಅಮ್ಮ, ವಿದ್ಯಾ ಗೆದ್ದಳು" ಎಂದು ಪ್ರಕಾಶ ಅದನ್ನು ಕನ್ನಡ ಮಾಡಿದ. ನಾನು ಅಳಲಿಲ್ಲ. ಅಳುವವರು ಬೇಕಾದಷ್ಟು ಜನ ಇದ್ದರು. ವಿದ್ಯಾ ಹೊರಗೆ ಬಂದಾಗ, "ನನ್ನ ಮಾತು ಸುಳ್ಳು ಮಾಡಿದೆಯಲ್ಲ, ಮಾರಾಯ್ತಿ" ಎಂದೆ. "ಸುಳ್ಳು ಮಾಡ್ಬೇಕೂಂತಾನೇ ಹೋಗಿದ್ದು ಅತ್ತೆ" ಎಂದಳು, ಗಟ್ಟಿಯಾಗಿ ನಗುತ್ತಾ.

ಆಮೇಲೆ ನಾನು ಬಹಳ ಯೋಚನೆ ಮಾಡಿದೆ. ಮೆಲ್ಬರ್ನಿನಲ್ಲಿ ಮಗಳ ಮನೆಯಲ್ಲಿದ್ದಾಗ, ಬೆಳಿಗ್ಗೆ ಬಿಸಿಲು ನಂಬಿ ಒಣಹಾಕಿದ ಬಟ್ಟೆ ಮಧ್ಯಾಹ್ನದೊಳಗೆ ಮಳೆಗೂ ಗಾಳಿಗೂ ಸಿಕ್ಕಿ, ಸಂಜೆ ಮತ್ತೆ ಒಣಗುವುದನ್ನು ನೋಡಿದ್ದೇನೆ. ಅಂಥ ಊರಿನ ಹವೆಯನ್ನೂ ಟಿವಿಯವರು ಎಷ್ಟೋ ಸಲ ಸರಿಯಾಗಿ ಹೇಳುತ್ತಾರೆ. ಮಳೆಗೆ ಕಿವಿ ಇಲ್ಲ. ಬರುತ್ತದೆ ಎಂದರೆ ನಾಚುವುದಿಲ್ಲ, ಬಾರದು ಎಂದರೆ ಹಟಕ್ಕೆ ಬೀಳುವುದಿಲ್ಲ. ಮನುಷ್ಯರಿಗೆ ಕಿವಿ ಇದೆ. ನೀನು ಸೋಲುತ್ತಿ ಎಂದಾಗ ವಿದ್ಯಾ ಯಾರಾಗಿದ್ದಳೋ ಅವಳು ಸೋಲುವವಳೇ, ಅದರಲ್ಲಿ ನನ್ನ ಕಣ್ಣು ತಪ್ಪಿರಲಿಲ್ಲ. ಆದರೆ ಅದನ್ನು ಕೇಳಿಸಿಕೊಂಡು ಎದ್ದು ಹೋದವಳು ಬೇರೆಯವಳು, ಅವಳನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಇಷ್ಟು ವಯಸ್ಸಾದ ಮೇಲೆ ಈ ಲೋಕದಲ್ಲಿ ನನ್ನ ಊಹೆಗೆ ಸಿಗದ್ದು ಇನ್ನೂ ಉಂಟು ಎಂದು ತಿಳಿದಾಗ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹಸಿವಾಯಿತು.

ಈಗ ದೊಡ್ಡ ಚುನಾವಣೆ ಮುಂದಿದೆ. ಇವತ್ತು ಶೋಭಾ ಫೋನಿನಲ್ಲಿ, "ಅಮ್ಮ, ಈ ಸಲ ಎಂತಾಗ್ತದೆ ಹೇಳು" ಎಂದು ಪೀಡಿಸಿದಳು. "ನಂಗೆ ಗೊತ್ತಿಲ್ಲ" ಎಂದೆ. "ನಿಂಗೆ ಹುಷಾರಿಲ್ವಾ?" ಎಂದು ಅವಳು ಗಾಬರಿಯಾದಳು. ಹೊರಗೆ ಕಾರಿನ ಪಕ್ಕ ವಿದ್ಯಾಳೂ ಜೋನಳೂ ಬಸ್ಸಿನ ವಿಷಯಕ್ಕೆ ಕೈ ಬೀಸಿ ಬೀಸಿ ಜಗಳವಾಡುತ್ತಿದ್ದರು. ಒಬ್ಬರೂ ಸೋಲುವ ಹಾಗೆ ಕಾಣಲಿಲ್ಲ. ಬೇಗ ಮುಗಿಯುವ ಜಗಳವೂ ಅದಲ್ಲ. ನಾನು ಫೋನು ಇಟ್ಟು, ಅವರಿಗೆ ಎರಡು ಕುರ್ಚಿ ಹೊರಗೆ ಹಾಕಿದೆ. ಆಮೇಲೆ ನನಗೂ ಒಂದು ತಂದುಕೊಂಡೆ.