ಬಿರಾಗೊ ಟೀಚರಮ್ಮನ ಬಚ್ಚಿಡುವ ಪಾಠ

ಹಿಮ ಎತ್ತುವ ಸಲಿಕೆಯ ಚಿತ್ರ ಪರದೆಯ ಮೇಲೆ ಬಂದಾಗಲೆಲ್ಲ ಬಿರಾಗೊಗೆ ಮೈಯೆಲ್ಲ ಉರಿಯುತ್ತಿತ್ತು. ಕುಮಾಸಿ ಪಟ್ಟಣದ ಸೆಕೆ, ಫ್ಯಾನು ತಿರುಗಿದರೂ ಬೆವರು ಕುತ್ತಿಗೆಯಿಂದ ಸೊಂಟಕ್ಕಿಳಿಯುವ ತರಬೇತಿ ಹಾಲ್‌. ಎದುರಿಗೆ ನೇಕಾರರು, ಮಡಕೆ ಮಾಡುವವರು, ಶಿಯಾ ಕಾಯಿಯ ಬೆಣ್ಣೆ ಕಾಯಿಸುವ ಹೆಂಗಸರು. ಅವರಿಗೆ ಈಕೆ ಆ ಸಲಿಕೆಯ ಹಿಡಿಕೆ ಯಾರ ಬೌದ್ಧಿಕ ಆಸ್ತಿ ಅಂತ ವಿವರಿಸಬೇಕು!

"ಒಲೆಯಿಂದ ಬ್ರೆಡ್ ತೆಗಿಯೋದಲ್ವಾ ಟೀಚರಮ್ಮ ಇದು?" ಅಂತ ಪ್ರತಿ ಸಲವೂ ಯಾರಾದರೊಬ್ಬರು ಕೇಳುತ್ತಿದ್ದರು.

"ಹೂಂ, ಅದೇ ಅಂದ್ಕೊಳ್ಳಿ," ಅನ್ನುತ್ತಿದ್ದಳು ಬಿರಾಗೊ. ಇನ್ನೇನು ಅಂದಾಳು? ಚಿತ್ರ ಬದಲಿಸೋಣವೆಂದರೆ ಮೇಲಿನವರು ಬಿಡರು. ಪಾಠ ಯುರೋಪಿನಲ್ಲಿ ತಯಾರಾಗಿ ಬಂದದ್ದು, ಎಷ್ಟೋ ದೇಶಗಳಲ್ಲಿ ಅದೇ ಪಾಠ, ಅದೇ ಸಲಿಕೆ. ಒಂದು ಪುಟ ಬದಲಿಸಬೇಕಾದರೂ ಪಾಠ ಬರೆದವರ ಅಪ್ಪಣೆ ಬೇಕು. ಯಾಕೆಂದರೆ ಆ ಪಾಠದ ಮೇಲೂ ಹಕ್ಕುಸ್ವಾಮ್ಯ! ಹೇಳಿಕೊಂಡರೆ ನಗಬೇಕೋ ಅಳಬೇಕೋ.

ಮೊದಲು ಆಕೆ ಹುಡುಗಿಯರ ಶಾಲೆಯಲ್ಲಿ ಲೆಕ್ಕದ ಟೀಚರು. ಒಳ್ಳೆಯ ಟೀಚರು. ಹೆಡ್‌ಮಿಸ್ ಆಗುವ ಹೊತ್ತಿಗೆ ಸರಕಾರದವರು ಎತ್ತಿ, ಕಸುಬುದಾರರಿಗೆ ಬೌದ್ಧಿಕ ಆಸ್ತಿಯ ಪಾಠ ಹೇಳುವ ಈ ತರಬೇತಿ ಕಚೇರಿಗೆ ಹಾಕಿದರು, ಹೊರದೇಶಕ್ಕೆ ಕಳಿಸಿ ಕೋರ್ಸು ಮಾಡಿಸಿದರು. ತಿರುಗಿ ಬಂದಾಗ ಆಕೆಗೆ ಹುಚ್ಚು ಹಿಡಿದ ಹಾಗೆ ಉತ್ಸಾಹ. ನಮ್ಮವರ ಕೈಯಲ್ಲಿ ಇಷ್ಟೊಂದು ಇದೆ, ಯಾವನೋ ಎಲ್ಲಿಂದಲೋ ಬಂದು ಕದ್ದುಕೊಂಡು ಹೋಗುತ್ತಾನೆ, ನೋಂದಾಯಿಸಿ ತಡೆಯುವ ದಾರಿ ನಾನು ಕಲಿಸುತ್ತೇನೆ ಅಂತ. ಗಂಡನಿಗೆ ಊಟ ಬಡಿಸುವಾಗಲೂ ಅದೇ ಮಾತು. ಅವನೋ, "ನಿನ್ನ ಸಾರಿಗೂ ನೋಂದಣಿ ಮಾಡಿಸು ಮಾರಾಯ್ತಿ, ಯಾರೂ ಕದಿಯಲ್ಲ ಬಿಡು," ಅಂತ ಕೆಣಕುತ್ತಿದ್ದ.

ವರ್ಷಗಳು ಕಳೆದವು. ತರಬೇತಿಗಳು ನಡೆದವು, ಬ್ಯಾನರು ಕಟ್ಟಿದರು, ಬಿಚ್ಚಿದರು. ಜನ ಬಂದು ಕೂತು, ಜೊಲ್ಲೊಫ್ ಅನ್ನದ ಡಬ್ಬಿ ತಿಂದು, ಸರ್ಟಿಫಿಕೇಟು ಹಿಡಿದು ಮನೆಗೆ ಹೋದರು. ಅವಳ ಕೈಯಲ್ಲಿ ಕಲಿತ ಒಬ್ಬನೇ ಒಬ್ಬ ಕಸುಬುದಾರ ತನ್ನ ಕೆಲಸವನ್ನು ಹೊರದೇಶದಲ್ಲಿ ನೋಂದಾಯಿಸಿದ್ದಾನಾ? ಇಲ್ಲ. ಒಬ್ಬನೂ ಇಲ್ಲ. ಕನ್ನಡಿ ಮುಂದೆ ತಲೆಬಟ್ಟೆ ಕಟ್ಟಿಕೊಳ್ಳುವಾಗ ಈ ಯೋಚನೆ ಬಂದರೆ ಸಾಕು, ಅವಳ ಇಡೀ ಬೆಳಗು ಕೆಟ್ಟುಹೋಗುತ್ತಿತ್ತು.

ಆಗ ಸಿಕ್ಕಿದವನು ಅಸಾಬೆರೆ.

ಅಸಾಬೆರೆ ಅದಾಂಕ್ರೊಮ್ ಹಳ್ಳಿಯ ನೇಕಾರ. ನಲವತ್ತರ ಆಚೀಚೆ, ಮಾತು ಕಡಿಮೆ, ಹಠ ಜಾಸ್ತಿ. ಅದಾಂಕ್ರೊಮ್‌ನಲ್ಲಿ ಪಟ್ಟಿಗೆ ಪಟ್ಟಿ ಹೊಲಿದು ಮಾಡುವ ಕೆಂಟೆ ಬಟ್ಟೆ ಹೊಸ ಚಿತ್ತಾರದಲ್ಲಿ ಮಗ್ಗದಿಂದ ಇಳಿದರೆ ಅದನ್ನು ನೇಯುವ ಚಪ್ಪರದಲ್ಲಿ ತೂಗುಹಾಕುತ್ತಾರೆ. ಊರೆಲ್ಲ ಸೇರುತ್ತದೆ. ನೇಕಾರರ ಹಿರಿಯ ನೆಲಕ್ಕೆ ಹೆಂಡ ಎರೆದು ಗತಿಸಿದ ಹಿರಿಯರನ್ನು ನೆನೆದು ಹೆಸರು ಕೇಳುತ್ತಾನೆ. ನೇಯ್ದವನು ಹೆಸರು ಹೇಳುತ್ತಾನೆ, ಊರು ಒಟ್ಟಾಗಿ ಅದನ್ನು ಕೂಗುತ್ತದೆ. ಹೆಸರು ಬೀಳುವ ತನಕ ಅದು ಬರೀ ನೂಲು, ಬಟ್ಟೆಯಲ್ಲ. ಅಸಾಬೆರೆಯ ಹಿಂದಿನ ಬಟ್ಟೆಯನ್ನು ಹೀಗೆ ತೂಗುಹಾಕಿದ ದಿನ ಯಾರೋ ವ್ಯಾಪಾರಿಗಳೂ ಬಂದಿದ್ದರು, ಫೋನಿನಲ್ಲಿ ಫೋಟೊ ಹೊಡೆದುಕೊಂಡಿದ್ದರು. ವರ್ಷ ತಿರುಗುವುದರೊಳಗೆ ಅದೇ ಚಿತ್ತಾರ ಸಮುದ್ರದಾಚೆಯ ಗಿರಣಿಯಲ್ಲಿ ಅಚ್ಚಾಗಿ, ಕುಮಾಸಿಯ ಸಂತೆಯಲ್ಲಿ ರಾಶಿ ಬಿತ್ತು. ನೇಯ್ದ ಬಟ್ಟೆಯನ್ನು ಕೇಳುವವರೇ ಇಲ್ಲ.

"ಈ ಸಲ ಹಂಗಾಗ್ಬಾರ್ದು ಟೀಚರಮ್ಮ," ಅಂದ ಅಸಾಬೆರೆ, ತರಬೇತಿಯ ಮೊದಲ ದಿನ ಎಲ್ಲರೂ ಡಬ್ಬಿ ಹಿಡಿದು ಹೊರಗೆ ಹೋದ ಮೇಲೆ. "ಹೊಸದೊಂದು ಮಗ್ಗದ ಮೇಲೈತೆ. ಇಂಥಾದ್ದು ನಾನು ಇನ್ನೊಂದು ಸಲ ನೇಯಾಕಿಲ್ಲ. ಇದೂ ಹೋದ್ರೆ ಮಗ್ಗ ಮುರಿದು ಒಲೆಗಾಕ್ತೀನಿ."

ಬಿರಾಗೊ ಪರದೆಯ ಮೇಲಿನ ಸಲಿಕೆಯ ಚಿತ್ರ ಆಫ್ ಮಾಡಿ ಅವನೆದುರು ಕುರ್ಚಿ ಎಳೆದುಕೊಂಡು ಕೂತಳು. ಇಷ್ಟು ವರ್ಷ ಕಾದದ್ದು ಈ ಮನುಷ್ಯನಿಗೇ ಅನ್ನಿಸಿಬಿಟ್ಟಿತು ಅವಳಿಗೆ.

"ಕೇಳಿಲ್ಲಿ. ನಮ್ಮ ದೇಶದ ನೋಂದಣಿ ಒಂದೇ ಸಾಲದು. ಅಚ್ಚು ಹಾಕೋ ಗಿರಣಿ ಇರೋದು ಸಮುದ್ರದಾಚೆಯ ದೇಶದಲ್ಲಿ, ಅಲ್ಲೇ ನೋಂದಣಿ ಆಗ್ಬೇಕು. ಅಲ್ಲಿಯ ಕಾನೂನು ಬಲು ಬಿಗಿ. ಅರ್ಜಿ ಹಾಕೋಕೆ ಮುಂಚೆ ಜನ ನೋಡಿಬಿಟ್ರೋ, ಮುಗೀತು. ಅದು ಹೊಸದಲ್ಲ ಅಂತಾರೆ."

"ಮತ್ತೆ ಚಪ್ಪರದಾಗೆ ತೂಗಾಕ್ಬೇಕಲ್ಲ?"

"ತೂಗು ಹಾಕ್ಬೇಡ. ಊರಿಗೆ ತೋರಿಸ್ಬೇಡ. ನಮ್ಮ ಕಚೇರಿಯವರಿಗೆ ಬಿಟ್ಟು ಇನ್ಯಾರಿಗೂ ತೋರಿಸ್ಬೇಡ. ಅರ್ಜಿ ಹೋದ ಮಾರನೇ ದಿನ ಹೆಸರಿಟ್ಕೊಳ್ಳಿ, ಡೋಲು ಬಡ್ಕೊಳ್ಳಿ, ನಾನೇ ಬಂದು ಕುಣೀತೀನಿ."

ಹೇಳುವುದು ಸುಲಭ. ಅಸಾಬೆರೆ ಮಗ್ಗವನ್ನು ಚಪ್ಪರದಿಂದ ಎತ್ತಿ ತಾಯಿಯ ಅಡಿಗೆಮನೆಯ ಹಿಂದೆ ಹಾಕಿ, ಸುತ್ತ ಚಾಪೆ ಕಟ್ಟಿಕೊಂಡ. ಊರು ಸುಮ್ಮನಿರುತ್ತದಾ? "ಏನೋ, ಒಳಗೆ ಹೆರಿಗೆ ನಡೀತಿದೆಯೇನೋ?" ಅಂತ ಚಾಪೆಯ ಆಚೆಯಿಂದ ಕೂಗಿದರು. ನೇಕಾರರ ಹಿರಿಯ ಅಪಿಯಾಡು ಅಜ್ಜನದು ಬೇರೆಯೇ ದಾರಿ. ಅಸಾಬೆರೆಯ ಜೊತೆ ಮಾತು ಬಿಟ್ಟ, ಅವನ ನಮಸ್ಕಾರಕ್ಕೆ ಪ್ರತಿ ನಮಸ್ಕಾರ ಮಾಡುವುದನ್ನೇ ನಿಲ್ಲಿಸಿದ. ಅಲ್ಲಿ ಅದಕ್ಕಿಂತ ದೊಡ್ಡ ಏಟಿಲ್ಲ.

ಬಿರಾಗೊ ತಾನೇ ಹಳ್ಳಿಗೆ ಹೋಗಿ ಅಜ್ಜನ ಕಾಲ ಬಳಿ ಕೂತು ಬೇಡಿಕೊಂಡಳು. ಅಜ್ಜ ಅಡಿಕೆಯ ಹಾಗೆ ಜಗಿಯುತ್ತಿದ್ದ ಕೋಲಾ ಕಾಯಿಯನ್ನು ಈ ದವಡೆಯಿಂದ ಆ ದವಡೆಗೆ ತಳ್ಳಿದ.

"ಮಗಳೇ, ನನ್ನ ಅಪ್ಪ ನೇಯ್ದಿದ್ದು ಊರು ನೋಡಿತ್ತು. ನಾನು ನೇಯ್ದಿದ್ದು ಊರು ನೋಡಿತ್ತು. ನಾವೇನು ಕಳ್ಳರಾ, ನಮ್ಮಿಂದ ಬಚ್ಚಿಡೋಕೆ?"

"ನಿಮ್ಮಿಂದಲ್ಲ ಅಜ್ಜ, ಫೋನಿಟ್ಕೊಂಡು ಬರ್ತಾರಲ್ಲ, ಅವರಿಂದ. ಸ್ವಲ್ಪ ದಿನದ ಮಾತು."

"ಓದಿದೋಳು ಹೇಳ್ತಿದೀಯ. ನೋಡೋಣ," ಅಂದ ಅಜ್ಜ. ಒಪ್ಪಿಗೆಯೂ ಅಲ್ಲ, ಬೈಗುಳವೂ ಅಲ್ಲ. ಬಿರಾಗೊ ಅದನ್ನೇ ಒಪ್ಪಿಗೆ ಅಂತ ಕಟ್ಟಿಕೊಂಡು ಬಂದಳು.

ಇನ್ನುಳಿದದ್ದು ಹೊರದೇಶದ ಅರ್ಜಿಯ ಖರ್ಚು. ಅದನ್ನು ತರಬೇತಿಯ ಯೋಜನೆಯವರೇ ಕೊಡುವುದು, ಸಮಾರೋಪದ ದಿನ ಯುರೋಪಿನ ತಜ್ಞ ಹೆನ್ರಿಕ್ ಸಾಹೇಬರು ಬಂದು ಮಂಜೂರು ಮಾಡುವುದು ಅಂತಾಯಿತು. ಅರ್ಜಿ ಹಾಕುವ ಕೆಲಸಕ್ಕೆ ರಾಜಧಾನಿ ಆಕ್ರಾದಲ್ಲಿ ದೇದೇ ಇದ್ದಳು. ದೇದೇ ಬಿರಾಗೊಳ ಈ ತರಬೇತಿಯಲ್ಲೇ ಕಲಿತ ಹಳೆಯ ವಿದ್ಯಾರ್ಥಿನಿ, ಈಗ ವಕೀಲರ ಕಚೇರಿಯಲ್ಲಿ ಹೊರದೇಶದ ಅರ್ಜಿಗಳನ್ನೆಲ್ಲ ನೋಡಿಕೊಳ್ಳುವವಳು. "ಮಂಜೂರಾದ ಮರುದಿನವೇ ಹಾಕ್ಬಿಡ್ತೀನಿ ಮೇಡಂ, ಎಲ್ಲ ತಯಾರಿದೆ," ಅಂದಿದ್ದಳು.

ಸಮಾರೋಪದ ದಿನ ಬೆಳಗಿನಿಂದ ಬಿರಾಗೊಗೆ ತಲೆ ಚಿಟ್ಟು ಹಿಡಿದಿತ್ತು. ಬೇರೆ ಬೇರೆ ದೇಶಗಳಿಂದ ಅತಿಥಿಗಳು. ಜನರೇಟರು ಒಂದು ಸಲ ಕೂಗಿ ನಿಂತುಹೋಗಿತ್ತು. ಅಡಿಗೆಯವಳು ಕೋಳಿ ಅಂದದ್ದಕ್ಕೆ ಮೀನು ತಂದಿದ್ದಳು. ಬಿರಾಗೊ ಹಿತ್ತಲಲ್ಲಿ ನಿಂತು ಅವಳಿಗೆ ಸರಿಯಾಗಿ ಮಂಗಳಾರತಿ ಮಾಡುತ್ತಿದ್ದಾಗ ಹಾಲ್‌ನೊಳಗಿಂದ ಚಪ್ಪಾಳೆ ಕೇಳಿತು, ಜೋರಾಗಿ. ಈ ಹಾಲ್‌ನಲ್ಲಿ ಅಂಥ ಚಪ್ಪಾಳೆ ಯಾವತ್ತೂ ಬಿದ್ದಿರಲಿಲ್ಲ. ಮೀನು ಬಿಟ್ಟು ಓಡಿದಳು.

ವೇದಿಕೆಯ ಮೇಲೆ ಅಸಾಬೆರೆ ನಿಂತಿದ್ದ. ಎಡ ಹೆಗಲ ಮೇಲಿಂದ ಕಾಲಿನವರೆಗೆ ಇಳಿಬಿಟ್ಟ ಬಟ್ಟೆ. ಕಪ್ಪು, ಸಾಸಿವೆ ಹಳದಿ, ನಡುನಡುವೆ ಒಂದು ಬಗೆಯ ಹಸಿರು. ಪಟ್ಟಿಗೆ ಪಟ್ಟಿ ಕೂಡಿದ ಕಡೆಯಲ್ಲೆಲ್ಲ ಚೌಕಗಳು ಒಂದರೊಳಗೊಂದು ಇಳಿದುಹೋಗುತ್ತಿದ್ದವು. ಬಿರಾಗೊ ಅದನ್ನು ಪೂರ್ತಿ ನೋಡಿದ್ದು ಅದೇ ಮೊದಲು. ಒಂದು ಕ್ಷಣ ಅವಳೂ ಬಾಯಿಬಿಟ್ಟುಕೊಂಡು ನಿಂತಳು. ಆಮೇಲೆ ಸುತ್ತ ನೋಡಿದಳು. ಎಲ್ಲೆಲ್ಲೂ ಫೋನು! ಅತಿಥಿಗಳ ಕೈ, ಆಫೀಸಿನವರ ಕೈ, ಹೆನ್ರಿಕ್ ಸಾಹೇಬರ ಕೈ.

ಜನರ ನಡುವೆ ತೂರಿಕೊಂಡು ಹೋಗಿ ಅವನ ತೋಳು ಹಿಡಿದಳು. "ಏನೋ ಮಾಡಿದೆ ಅಸಾಬೆರೆ? ಏನೋ ಇದು?"

ಅವನು ನಗುತ್ತಿದ್ದ. "ಇವತ್ತು ನಿಮಗೆ ಕೈಮುಗಿಯೋ ದಿನ ಟೀಚರಮ್ಮ. ಹಳೇದು ಉಟ್ಕೊಂಡು ಬರ್ಲಾ? ನಿಮಗೆ ಅವಮಾನ ಅಲ್ವಾ? ಕಚೇರಿಯವರಿಗೆ ತೋರಿಸ್ಬಹುದು ಅಂದ್ರಲ್ಲ. ಇದೇ ಅಲ್ವಾ ಕಚೇರಿ?"

ಏನು ಹೇಳುತ್ತೀರಿ ಇದಕ್ಕೆ? ಗುರುವಿಗೆ ಕೃತಜ್ಞತೆ ಹೇಳಲು ಹೋಗುವವನು ಹೆಗಲಿಗೆ ಹಳೇ ಬಟ್ಟೆ ಹಾಕಿದರೆ ಅದು ಮುಖಕ್ಕೆ ಉಗುಳಿದ ಹಾಗೆ. ಇದು ಆ ಸೀಮೆಯಲ್ಲಿ ಮಗುವಿಗೂ ಗೊತ್ತು. ಬಿರಾಗೊಗೆ ಗೊತ್ತಿರಲಿಲ್ಲವೇ? ಅವಳೂ ಅಲ್ಲೇ ಹುಟ್ಟಿದವಳು. ಚಪ್ಪರದಲ್ಲಿ ತೂಗಬೇಡ ಅಂದಳು, ಊರಿಗೆ ತೋರಿಸಬೇಡ ಅಂದಳು. ತನ್ನದೇ ಸಮಾರಂಭಕ್ಕೆ ಏನು ಉಡಬೇಕು ಅಂತ ಹೇಳುವುದು ಅವಳಿಗೆ ಹೊಳೆಯಲೇ ಇಲ್ಲ. ಆ ಸಲಿಕೆಯ ಪಾಠದಲ್ಲಿ ಅದು ಯಾವ ಪುಟದಲ್ಲಿದೆ?

ಹೆನ್ರಿಕ್ ಸಾಹೇಬರು ಆಗಲೇ ಫೋಟೊವನ್ನು ಯೋಜನೆಯ ಜಾಲತಾಣಕ್ಕೆ ಏರಿಸಿಬಿಟ್ಟಿದ್ದರು. ಒಳ್ಳೆಯ ಮನುಷ್ಯ, ಮುಖ ಸಂತೋಷದಿಂದ ಕೆಂಪಾಗಿತ್ತು.

"ತೆಗೀರಿ ಅದನ್ನ! ಈಗಲೇ ತೆಗೀರಿ!" ಅಂತ ಕಿರುಚಿದಳು ಬಿರಾಗೊ.

"ಗಾಬರಿ ಯಾಕೆ? ಒಡೆಯನೇ ತೋರಿಸಿದ್ರೆ ಅರ್ಜಿ ಹಾಕೋಕೆ ಒಂದು ವರ್ಷ ಅವಕಾಶ ಇದೆಯಲ್ಲ. ನಮ್ಮ ಪಾಠದಲ್ಲೇ ಇದೆ."

"ಅದು ನಿಮ್ಮ ದೇಶದ ಪಾಠ ಸಾರ್! ನಿಮ್ಮಲ್ಲಿ ಅವಕಾಶ ಇದೆ. ಗಿರಣಿ ನಿಮ್ಮಲ್ಲಿದೆಯಾ? ಆ ಗಿರಣಿ ದೇಶದಲ್ಲಿ ಇಲ್ಲ. ಆ ಪುಟ ತಿದ್ದಿ ಅಂತ ಎಷ್ಟು ಸಲ ಬರೆದೆ ನಿಮಗೆ! ಎಷ್ಟು ಸಲ!"

ಸಾಹೇಬರ ಮುಖ ಬಿಳಿಚಿಕೊಂಡಿತು. ಜಾಲತಾಣದಿಂದ ಫೋಟೊ ಅಳಿಸಿದರು. ಅಷ್ಟರಲ್ಲಿ ಅತಿಥಿಗಳು ತಮ್ಮ ತಮ್ಮ ದೇಶದ ಗೆಳೆಯರಿಗೆಲ್ಲ ಕಳಿಸಿ ಆಗಿತ್ತು.

ಬಿರಾಗೊ ಹಿತ್ತಲಿಗೆ ಹೋಗಿ, ಮೀನಿನ ಡಬ್ಬಿಗಳ ನಡುವೆ ನಿಂತು ದೇದೇಗೆ ಫೋನು ಮಾಡಿದಳು. ದೇದೇ ನಡೆದದ್ದೆಲ್ಲ ಕೊನೆತನಕ ಕೇಳಿಸಿಕೊಂಡಳು.

"ಆ ದೇಶದಲ್ಲಿ ಅರ್ಜಿ ನಿಲ್ಲಲ್ಲ ಮೇಡಂ. ಹಾಕಿದ್ರೂ ಒಂದು ದಿನ ಆ ಫೋಟೊ ತೋರಿಸಿ ರದ್ದು ಮಾಡಿಸ್ತಾರೆ."

"ಫೋಟೊ ಜಾಲತಾಣದಿಂದ ತೆಗೆಸಿದೀನಲ್ಲೇ. ನೀನು ಹಾಕು, ಯಾರಿಗೆ ಗೊತ್ತಾಗುತ್ತೆ?"

"ಎಲ್ಲೂ ತೋರಿಸಿಲ್ಲ ಅಂತ ನಾನು ಸಹಿ ಹಾಕ್ಬೇಕಾ ಮೇಡಂ?" ದೇದೇಯ ದನಿ ಮೆತ್ತಗಾಯಿತು. "ಸುಳ್ಳು ಹೇಳಿ ತಗೊಂಡಿದ್ದು ಹಕ್ಕಲ್ಲ, ಅದೂ ಕಳ್ಳತನವೇ ಅಂತ ನೀವೇ ಅಲ್ವಾ ನಮಗೆ ಕಲಿಸಿದ್ದು?"

ಥೂ! ಇಷ್ಟು ವರ್ಷದಲ್ಲಿ ಪಾಠ ಸರಿಯಾಗಿ ತಲೆಗೆ ಹೋದದ್ದು ಒಬ್ಬಳಿಗೆ, ಅದು ಈ ದಿನವೇ ಗೊತ್ತಾಗಬೇಕಿತ್ತೇ! ಬಿರಾಗೊ ಫೋನು ಇಟ್ಟು, ಸೆರಗಿನಂತೆ ಇಳಿಬಿದ್ದ ತಲೆಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಡಿಗೆಯವಳು ಪಾಪ, ಮೀನಿಗೆ ಇಷ್ಟು ಅಳುತ್ತಾರೆ ಅಂದುಕೊಂಡು, "ನಾಳೆ ಕೋಳಿ ಮಾಡಿಕೊಡ್ತೀನಿ ಅಮ್ಮ," ಅಂದಳು.

ಇನ್ನು ಮುಚ್ಚಿಡುವುದಕ್ಕೇನಿದೆ? ಮುಂದಿನ ವಾರ ಅದಾಂಕ್ರೊಮ್‌ನ ಚಪ್ಪರದಲ್ಲಿ ಬಟ್ಟೆ ತೂಗುಬಿತ್ತು. ಬರುತ್ತೇನೆ ಅಂದಿದ್ದಳಲ್ಲ, ಬಿರಾಗೊ ಬಂದಳು. ಕುಣಿಯಲು ಅಲ್ಲ. ಹಿಂದಿನ ಸಾಲಿನಲ್ಲಿ ನಿಂತಿದ್ದವಳನ್ನು ಅಪಿಯಾಡು ಅಜ್ಜ ಕಣ್ಣಲ್ಲೇ ಹುಡುಕಿ ಮುಂದಕ್ಕೆ ಕರೆದ.

"ಇಲ್ಲಿ ಬಾ ಮಗಳೇ. ನೀನು ಟೀಚರು, ಒಂದು ಹೇಳು. ಇದರ ಫೋಟೊ ಎಷ್ಟು ದೇಶದೋರು ನೋಡಿದ್ರು?"

"ತುಂಬ ಜನ ಅಜ್ಜ."

"ಇಲ್ಲಿ ನಿಂತೋರಲ್ಲಿ ಎಷ್ಟು ಜನ ನೋಡಿದ್ರು?"

ಅಸಾಬೆರೆಯ ತಾಯಿ ಬಟ್ಟೆಯ ಅಂಚನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಅವಳ ಅಡಿಗೆಮನೆಯ ಹಿಂದೆಯೇ ನೇಯ್ದದ್ದು, ಅವಳಿಗೂ ಇವತ್ತೇ ಮೊದಲು.

"ಬೈಯಬೇಡಿ ಅಜ್ಜ, ಅವರು ನನಗೋಸ್ಕರ ಮಾಡಿದ್ದು," ಅಂದ ಅಸಾಬೆರೆ.

"ಬೈಯ್ತಿಲ್ಲ ಕಣೋ," ಅಂದ ಅಜ್ಜ. ತುಂಬ ದಿನದ ಮೇಲೆ ಅವನ ಜೊತೆ ಆಡಿದ ಮೊದಲ ಮಾತು ಅದು. ನೆಲಕ್ಕೆ ಹೆಂಡ ಎರೆದ. "ಹೇಳು. ಏನು ಹೆಸರು ಇದಕ್ಕೆ?"

ಅಸಾಬೆರೆ ಬಟ್ಟೆಯನ್ನು ನೋಡಿದ, ತಾಯಿಯನ್ನು ನೋಡಿದ. ಬಿರಾಗೊಳ ಕಡೆ ತಿರುಗಲಿಲ್ಲ.

"ಊರೇ ಕೊನೆಗೆ ನೋಡಿತು," ಅಂದ.

ಊರು ಒಟ್ಟಾಗಿ ಕೂಗಿತು. ಚಪ್ಪರದಲ್ಲಿ ನಿಂತವರು ಯಾರೇ ಆಗಲಿ ಹೆಸರು ಕೂಗಲೇಬೇಕು, ಸುಮ್ಮನಿದ್ದರೆ ಬಟ್ಟೆಗೆ ಒಳ್ಳೆಯದಲ್ಲ. ಬಿರಾಗೊ ಕಣ್ಣೊರೆಸಿಕೊಂಡು, ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ತನ್ನ ಟೀಚರ ಗಂಟಲಿನಲ್ಲಿ, ಊರಿನ ಜೊತೆ ಆ ಹೆಸರನ್ನು ಕೂಗಿದಳು.