ಎರಡು ಬ್ಯಾನರಿನಲ್ಲಿ ಒಂದೇ ಮುಖ

ಬಸ್ ನಿಲ್ದಾಣದ ಹಿಂದಿನ ಉದ್ದನೆಯ ಕೋಣೆಯಲ್ಲಿ ಅವನು ಹದಿನೇಳು ವರ್ಷದಿಂದ ಫ್ಲೆಕ್ಸ್ ಬ್ಯಾನರ್ ಮುದ್ರಿಸುತ್ತಿದ್ದ. ಅಂಗಡಿಯ ಉದ್ಘಾಟನೆ, ಮನೆ ಮಾರಾಟ, ಕಾಣೆಯಾದ ನಾಯಿ, ಏನೇ ಇರಲಿ, ಅವನ ಕೈ ದಾಟಿಯೇ ಬೀದಿಗೆ ಬರಬೇಕು. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಬ್ಯಾನರಣ್ಣ.

ಕಾಲೇಜು ಪ್ರವೇಶ ಪರೀಕ್ಷೆಯ ಫಲಿತಾಂಶ ಬಂದ ವಾರ ಅವನಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ. ಕೋಚಿಂಗ್ ಸೆಂಟರುಗಳು ನಾಮುಂದು ತಾಮುಂದು ಎಂದು ರ‍್ಯಾಂಕ್ ಬಂದ ಮಕ್ಕಳ ಫೋಟೊ ಕಳಿಸುತ್ತವೆ. ಈ ಸಲ ಮಾತ್ರ ಒಂದೊಂದು ಮುಖ ಯಂತ್ರದಿಂದ ಇಳಿದಾಗಲೂ ಅವನು ಕೆಲಸ ನಿಲ್ಲಿಸಿ ಅದನ್ನೇ ನೋಡುತ್ತಿದ್ದ. ಬರುವ ವರ್ಷ ಇದೇ ಪರೀಕ್ಷೆಯನ್ನು ಅವನ ಮಗಳು ಬರೆಯಬೇಕಿತ್ತು.

ಅವಳು ಮುಖ್ಯರಸ್ತೆಯ ದೊಡ್ಡ ಸೆಂಟರಿಗೆ ಸೇರಿ ವರ್ಷವಾಗಿತ್ತು. ಸೇರಿಸಿದವನು ಅವನೇ, ಹಟ ಹಿಡಿದು. "ಅಷ್ಟೊಂದು ಮಕ್ಕಳ ಮಧ್ಯೆ ನಮ್ಮ ಹುಡುಗಿ ಯಾರ ಕಣ್ಣಿಗೆ ಬೀಳ್ತಾಳೆ?" ಎಂದು ಹೆಂಡತಿ ಅಂದಾಗ, "ನಾನು ಪ್ರಿಂಟ್ ಮಾಡೋ ಮುಖಗಳೆಲ್ಲ ಅಲ್ಲಿಂದಲೇ ಬರೋದು ಕಣೆ" ಎಂದು ಬಾಯಿ ಮುಚ್ಚಿಸಿದ್ದ.

ಅಲ್ಲಿ ಭಾನುವಾರಕ್ಕೊಂದು ಪರೀಕ್ಷೆ, ಮಂಗಳವಾರ ಗೋಡೆಗೆ ಅಂಕಪಟ್ಟಿ. ಅಂಕ ಇಳಿದರೆ ಬ್ಯಾಚೂ ಇಳಿಯುತ್ತದೆ. ಮಗಳು ಎ ಬ್ಯಾಚಿನಿಂದ ಬಿ, ಅಲ್ಲಿಂದ ನೇರ ಡಿ ಬ್ಯಾಚಿಗೆ ಜಾರಿದ್ದಳು. ಮನೆಯಲ್ಲಿ ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೇ. ಉಗುರು ಕಚ್ಚಿ ಕಚ್ಚಿ ಬೆರಳ ತುದಿಗಳು ಹುಣ್ಣಾಗಿದ್ದವು. "ಇನ್ನೂ ಸ್ವಲ್ಪ ಮನಸ್ಸಿಟ್ಟು ಓದಮ್ಮ" ಎನ್ನುವುದನ್ನು ಬಿಟ್ಟು ಅವನಿಗೆ ಬೇರೆ ಮಾತು ತೋಚುತ್ತಿರಲಿಲ್ಲ.

ಆ ವಾರದ ಗುರುವಾರ ದೊಡ್ಡ ಸೆಂಟರಿನ ಬ್ಯಾನರಿಗೆ ಫೋಟೊ ಬಂತು. ಕನ್ನಡಕ ಹಾಕಿದ, ಎಡ ಹುಬ್ಬಿನ ಮೇಲೆ ಸಣ್ಣ ಗಾಯದ ಗುರುತಿದ್ದ ಹುಡುಗಿ. ಅವನು ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಹಿಂದಿನ ದಿನವಷ್ಟೇ ಇನ್ನೊಂದು ಸೆಂಟರಿಗೆ ಇದೇ ಮುಖವನ್ನು ಮುದ್ರಿಸಿ ಕಳಿಸಿದ್ದ. ಮ್ಯಾನೇಜರಿಗೆ ಫೋನ್ ಮಾಡಿದ.

"ಸರ್, ಈ ಹುಡುಗಿ ಎರಡೂ ಕಡೆ ಓದಿದ್ಲಾ?"

"ಅದೆಲ್ಲ ನಿಮಗ್ಯಾಕೆ? ಮುಖ ಕಪ್ಪಾಗದ ಹಾಗೆ ನೋಡ್ಕೊಳ್ಳಿ, ಸಾಕು."

ಅವನು ಮುದ್ರಿಸಿದ. ಬ್ಯಾನರಿನ ಮೂಲೆಯಲ್ಲಿ ಎಂದಿನಂತೆ ತನ್ನ ಅಂಗಡಿಯ ನಂಬರನ್ನೂ ಹಾಕಿದ.

ಶನಿವಾರ ಒಬ್ಬಾಕೆ ಆ ನಂಬರು ಹಿಡಿದು ಅಂಗಡಿಗೇ ಬಂದಳು. ಅಂಚೆ ಹಂಚುವವಳು, ಹೆಗಲಲ್ಲಿ ಇನ್ನೂ ಕಾಗದದ ಚೀಲವಿತ್ತು. "ಆ ಹುಡುಗಿ ನನ್ನ ಮಗಳು. ಯಾರನ್ನ ಕೇಳಿ ಅವಳ ಫೋಟೊ ಹಾಕಿದ್ರಿ?"

ಅವನು ತಡಬಡಿಸುತ್ತ ಸ್ಟೂಲು ಕೊಟ್ಟು, ನೀರು ಕೊಟ್ಟ. ತನಗೆ ಬಂದ ಫೋಟೊಗಳನ್ನು ತೋರಿಸಿದ. ಆಕೆಯ ಸಿಟ್ಟು ಸ್ವಲ್ಪ ಇಳಿಯಿತು. ಮಗಳು ಒಂದು ಸೆಂಟರಿನಲ್ಲಿ ಮೂರು ವಾರ ಮಾದರಿ ಪರೀಕ್ಷೆ ಬರೆದಿದ್ದಳಂತೆ, ಅಷ್ಟೇ. ದೊಡ್ಡ ಸೆಂಟರಿನಲ್ಲಿ ಉಚಿತ ಪರೀಕ್ಷೆಗೆಂದು ಒಂದು ಅರ್ಜಿ ತುಂಬಿದ್ದು ಬಿಟ್ಟರೆ ಹೊಸ್ತಿಲನ್ನೂ ತುಳಿದಿರಲಿಲ್ಲ. ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತ ಮನೆಯಲ್ಲೇ ಓದಿದವಳು.

ಅವನು ಕೇಳಿದ: "ಹಾಗಾದ್ರೆ ಈ ಕೋಚಿಂಗ್ ಎಲ್ಲ ಬೇಡ ಅಂತೀರಾ ಅಕ್ಕ?"

"ಹೇಗೆ ಹೇಳ್ಲಿ ಅಣ್ಣ? ದೊಡ್ಡವನೂ ಹೀಗೇ ಓದಿದ. ಅದೇ ಮನೆ, ಅದೇ ಪುಸ್ತಕ. ಎರಡು ಸಲ ಬರೆದ್ರೂ ಸೀಟು ಸಿಗಲಿಲ್ಲ. ಇವಳಿಗೆ ಒಗ್ಗಿತು, ಅವನಿಗೆ ಒಗ್ಗಲಿಲ್ಲ."

ಆ ಸಂಜೆ ಅವನು ಅಂಗಡಿ ಬೇಗ ಮುಚ್ಚಿ ಸೆಂಟರಿನಿಂದ ಮಗಳನ್ನು ಕರೆದುಕೊಂಡು ಬರಲು ಹೋದ. ದಾರಿಯಲ್ಲಿ ನಡೆಯುತ್ತ, "ಅಲ್ಲಿ ನಿನಗೆ ಹೇಗನ್ಸುತ್ತಮ್ಮ?" ಎಂದು ಕೇಳಿದ. ವರ್ಷದಲ್ಲಿ ಒಮ್ಮೆಯೂ ಕೇಳದಿದ್ದ ಪ್ರಶ್ನೆ.

"ಡಿ ಬ್ಯಾಚಲ್ಲಿ ಡೌಟ್ ಕೇಳೋ ಹಾಗಿಲ್ಲಪ್ಪ. 'ಅದು ನಿಮಗೆ ಬೇಡ ಬಿಡಿ' ಅಂತಾರೆ. ನಾಲ್ಕು ತಿಂಗಳಿಂದ ಬೋರ್ಡಲ್ಲಿರೋದನ್ನ ಸುಮ್ನೆ ಬರ್ಕೊಂಡು ಬರ್ತಿದ್ದೀನಿ."

"ಮೊದ್ಲೇ ಯಾಕೆ ಹೇಳಲಿಲ್ಲ?"

"ನೀನು ಎಲ್ಲರಿಗೂ ಹೇಳ್ಕೊಂಡು ಬಂದಿದ್ದೆ. ನನ್ನ ಮಗಳೂ ಬ್ಯಾನರಲ್ಲಿ ಬರ್ತಾಳೆ ಅಂತ."

ಅವನಿಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು.

ಮಗಳನ್ನು ಸೆಂಟರಿನಿಂದ ಬಿಡಿಸುತ್ತೇನೆಂದು ಅವನು ಹೋದಾಗ ಮ್ಯಾನೇಜರು ನಗುನಗುತ್ತಲೇ ಹೇಳಿದ: "ಪರೀಕ್ಷೆಗೆ ಇನ್ನು ವರ್ಷವೂ ಇಲ್ಲ. ಕೈಯಾರೆ ಮಗಳ ಭವಿಷ್ಯ ಹಾಳು ಮಾಡ್ತಿದ್ದೀರಿ." ಆ ಮಾತು ಮುಳ್ಳಿನಂತೆ ನಾಟಿ ಕೂತಿತು. ಮುಂದಿನ ಎಲ್ಲ ತಿಂಗಳೂ ಅದು ಅವನನ್ನು ಚುಚ್ಚುತ್ತಲೇ ಇತ್ತು.

ಅವಳು ಓದುತ್ತಿದ್ದ ಪಿಯು ಕಾಲೇಜಿನ ಭೌತಶಾಸ್ತ್ರದ ಮೇಡಂ ತರಗತಿ ಮುಗಿದ ಮೇಲೆ ಅರ್ಧ ಗಂಟೆ ಕೂರಿಸಿಕೊಂಡು ಅವಳ ಡೌಟುಗಳನ್ನು ಬಿಡಿಸತೊಡಗಿದರು. ಉಳಿದ ಹೊತ್ತು ಅಂಗಡಿಯ ಕತ್ತರಿಸುವ ಮೇಜೇ ಅವಳ ಓದಿನ ಕೋಣೆ. ಅವನು ಕೈಗಡಿಯಾರ ಹಿಡಿದು ಎದುರು ಕೂರುತ್ತಿದ್ದ. ಪ್ರಶ್ನೆಪತ್ರಿಕೆಯ ಒಂದಕ್ಷರವೂ ತಲೆಗೆ ಹತ್ತುತ್ತಿರಲಿಲ್ಲ. ಅವಳ ಪೆನ್ನು ನಿಂತರೆ ಮಾತ್ರ ಕತ್ತು ಚಾಚಿ ಅವಳ ಮುಖ ನೋಡುತ್ತಿದ್ದ. "ಅಪ್ಪ, ನೀನು ಹೀಗೆ ನೋಡ್ತಾ ಕೂತ್ರೆ ಬರೋದೂ ಮರೆತು ಹೋಗುತ್ತೆ" ಎಂದು ಒಂದು ದಿನ ಅವಳೇ ಅವನನ್ನು ಹೊರಗೆ ಅಟ್ಟಿದಳು. ಬೀದಿಯಲ್ಲಿ ನಿಂತು, ಕಿಟಕಿಯಿಂದ ಕದ್ದು ನೋಡಿದ.

ಫಲಿತಾಂಶ ಬಂತು. ಡಾಕ್ಟರ್ ಓದಬೇಕೆಂದಿದ್ದವಳಿಗೆ ಆ ಸೀಟಿಗೆ ಸಾಲುವಷ್ಟು ರ‍್ಯಾಂಕ್ ಇರಲಿಲ್ಲ. ಎರಡು ದಿನ ಅತ್ತಳು. ಮೂರನೆಯ ದಿನ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಫಿಸಿಯೋಥೆರಪಿ ಕಾಲೇಜುಗಳ ಪಟ್ಟಿ ಮಾಡಿದಳು. ಸರ್ಕಾರಿ ಕಾಲೇಜಿನಲ್ಲೇ ಸೀಟು ಸಿಕ್ಕಿತು.

ಆದರೂ ಅವನ ಮನಸ್ಸಿಗೆ ಸಮಾಧಾನವಿರಲಿಲ್ಲ. ಡಿ ಬ್ಯಾಚಿನಲ್ಲಿ ಮಗಳ ಪಕ್ಕ ಕೂರುತ್ತಿದ್ದ ಗೆಳತಿ ಕೊನೆಯವರೆಗೂ ಅಲ್ಲೇ ಇದ್ದು ಮೆಡಿಕಲ್ ಸೀಟು ಗಿಟ್ಟಿಸಿದ್ದಳು. ಆ ಸುದ್ದಿ ಕೇಳಿದ ದಿನ ಅವನು ಒಂದೇ ಬ್ಯಾನರಿನ ಅಳತೆಯಲ್ಲಿ ಮೂರು ಸಲ ತಪ್ಪಿದ. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟ.

"ನಿನ್ನ ಬಿಡಿಸಿ ತಪ್ಪು ಮಾಡಿದ್ನೇನಮ್ಮ?"

ಮಗಳು ಪೆಟ್ಟಿಗೆಗೆ ಬಟ್ಟೆ ಜೋಡಿಸುತ್ತಿದ್ದಳು. ತಲೆಯೆತ್ತಿದಳು. "ಗೊತ್ತಿಲ್ಲಪ್ಪ. ಅಲ್ಲೇ ಇದ್ದಿದ್ರೆ ರ‍್ಯಾಂಕ್ ಬರ್ತಿತ್ತೋ ಏನೋ. ಆದ್ರೆ ಆಗ ನನಗೆ ಪರೀಕ್ಷೆ ಬರೆಯೋದೇ ಬೇಡ ಅನ್ಸಿತ್ತು. ಯಾವುದೂ ಬೇಡ ಅನ್ಸಿತ್ತು."

ಅವನು ಮಡಚಿದ್ದ ಒಂದು ಟವೆಲನ್ನು ಎತ್ತಿ ಅವಳ ಕೈಗೆ ಕೊಟ್ಟ. ಸ್ವಲ್ಪ ಹೊತ್ತಿಗೆ ಹಾಸ್ಟೆಲಿಗೆ ಬಕೆಟ್ಟು, ಬೀಗ ತರಲು ಇಬ್ಬರೂ ಪೇಟೆಗೆ ಹೊರಟರು.