ದೃಷ್ಟಿಗೆ ಬಿಟ್ಟ ಇಟ್ಟಿಗೆ

ರಂಗಪ್ಪನವರು ಗೋಡೆ ಕಂಡರೆ ಮುಟ್ಟದೆ ಮುಂದೆ ಹೋಗುತ್ತಿರಲಿಲ್ಲ. ಅಂಗೈಯಿಂದಲ್ಲ, ಮುಂಗೈಯಿಂದ, ಮಕ್ಕಳಿಗೆ ಜ್ವರ ಇದೆಯೇ ಎಂದು ತಾಯಂದಿರು ನೋಡುವ ಹಾಗೆ. ತಿಪಟೂರಿನ ಬಸ್ ನಿಲ್ದಾಣವಾಗಲಿ, ಹಾಲ್ಕುರಿಕೆಯ ಯಾವುದೋ ಹಳೆಯ ಮನೆಯಾಗಲಿ, ಮೊದಲು ಮುಂಗೈ ಇಟ್ಟು, ತಲೆ ಒಂದು ಕಡೆಗೆ ವಾಲಿಸಿ ನಿಲ್ಲುತ್ತಿದ್ದರು. ಆಮೇಲೆ ಒಂದು ಮಾತು ಹೊರಬೀಳುತ್ತಿತ್ತು. "ಇದ್ರ ಹಿಂದ್ಗಡೆ ಬಚ್ಚಲು ಐತೆ." "ಈ ಗ್ವಾಡೆಗೆ ಹಸ ಒರಗ್ತಿತ್ತು, ಈಗಿಲ್ಲ." ಹೋಗಿ ನೋಡಿದರೆ ಬಚ್ಚಲು ಇರುತ್ತಿತ್ತು. ವಿಚಾರಿಸಿದರೆ ಹಸುವನ್ನು ಹೋದ ವರ್ಷವಷ್ಟೇ ಮಾರಿರುತ್ತಿದ್ದರು.

ಗಾರೆ ಕೆಲಸದವರು, ಅಮ್ಮಸಂದ್ರದ ಹತ್ತಿರದ ಒಂದು ಹಳ್ಳಿಯವರು. ಒಣಕಲು ಮೈ, ಕಿವಿಯ ಹಿಂದೆ ಪೆನ್ಸಿಲ್ ತುಂಡು, ಎಷ್ಟು ತೊಳೆದರೂ ಬಿಡದ ಸುಣ್ಣದ ಬಿಳುಪು ಉಗುರಿನ ಸಂದಿಯಲ್ಲಿ. ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವರು. ಆದರೂ ಅವರಿದ್ದಷ್ಟು ದಿನ ನಾನು "ಬಾರಪ್ಪ, ಹೋಗಪ್ಪ" ಎಂದೇ ಮಾತಾಡಿದೆ, ಅವರು "ಮೇಷ್ಟ್ರೆ, ನೀವು" ಎಂದರು. ಈಗ ಬರೆಯಲು ಕುಳಿತರೆ ಬಹುವಚನ ತಾನಾಗಿ ಬರುತ್ತಿದೆ. ಸತ್ತವರಿಗೆ ಮರ್ಯಾದೆ ಕೊಡುವುದು ಸುಲಭ ನೋಡಿ, ಯಾರ ಎದುರಿಗೂ ಎದ್ದು ನಿಲ್ಲಬೇಕಾಗಿಲ್ಲ.

ನಾನು ಡ್ರಾಯಿಂಗ್ ಮೇಷ್ಟ್ರು. ತಿಪಟೂರಿನ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಮಕ್ಕಳಿಗೆ ಬಣ್ಣ ಬೆರೆಸುವುದನ್ನು ಕಲಿಸುತ್ತಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದ್ದಕ್ಕೆಲ್ಲ ಈ ಜಂಬವೇ ಮೂಲ.

ನಮ್ಮ ಮನೆ ಹಳೆಯದು. ತೆಂಗಿನಕಾಯಿ ಒಳಗೊಳಗೇ ಒಣಗಿ ಕೊಬ್ಬರಿಯಾಗುವ ತನಕ ಹಾಕಿಡುವ ಅಟ್ಟ ಈಗಲೂ ಇದೆ. ಆ ಅಟ್ಟದ ಗೋಡೆ ಬಿರುಕು ಬಿಟ್ಟಾಗ ಯಾರೋ ರಂಗಪ್ಪನವರನ್ನು ಕಳಿಸಿಕೊಟ್ಟರು. ಬಂದ ದಿನವೇ ಅಟ್ಟದ ಮೆಟ್ಟಿಲ ಬಳಿ ನಿಂತು ಎಡಗಡೆಯ ಗೋಡೆಗೆ ಮುಂಗೈ ಇಟ್ಟರು. "ಈ ಮನೇಲಿ ಎಡಗೈನೋರು ಯಾರೋ ಇದ್ರು ಕಣ್ರೀ. ಎಲ್ಲಾ ಮನೇಲೂ ಹತ್ತೋವಾಗ ಕೈ ಊರಿ ಊರಿ ಬಲಗಡೆ ಗ್ವಾಡೆ ಕಪ್ಪಾಗ್ತದೆ, ನಿಮ್ದು ಎಡಗಡೆ ಆಗೈತೆ." ನಮ್ಮಪ್ಪ ಎಡಚ. ಅವರು ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ಅಷ್ಟೂ ವರ್ಷ ಆ ಮೆಟ್ಟಿಲು ಹತ್ತಿ ಇಳಿದರೂ ಅಪ್ಪನ ಕೈ ಅಲ್ಲಿರುವುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅದೊಂದು ತುಂಡು ಗೋಡೆಗೆ ಸುಣ್ಣ ಹೊಡೆಯಬೇಡ ಎಂದು ಹೇಳಿದೆ. "ಹೊಡಿಯಾಕಿಲ್ಲ ಬುಡಿ, ನಂಗೊತ್ತು" ಅಂದರು.

ಆ ದಿನಗಳಲ್ಲಿ ನನ್ನ ಜಗಲಿಯ ಮೇಜಿನ ಮೇಲೆ ಇನ್ನೊಂದು ಮನೆ ಏಳುತ್ತಿತ್ತು. ತೆಳುವಾದ ಮರದ ಹಲಗೆಗಳನ್ನು ಯಂತ್ರದಲ್ಲಿ ಕತ್ತರಿಸಿ ಪೆಟ್ಟಿಗೆಯಲ್ಲಿ ಕಳಿಸುತ್ತಾರಲ್ಲ, ಅಂಥ ಕಿಟ್. ಅಂಟು ಹಾಕಿ ಜೋಡಿಸಿದರೆ ಎರಡು ಅಂತಸ್ತಿನ ಕಟ್ಟಡ, ಮೊಣಕಾಲೆತ್ತರವೂ ಇಲ್ಲ. ಗೋಡೆಯ ಮೇಲೆ ಇಟ್ಟಿಗೆಯ ಗೆರೆಗಳನ್ನು ಸಣ್ಣಗೆ ಕೊರೆದಿರುತ್ತಾರೆ. ಬಣ್ಣ ಹಚ್ಚಿ, ಅದು ಮಳೆ ಬಿಸಿಲು ಕಂಡ ನಿಜವಾದ ಇಟ್ಟಿಗೆ ಗೋಡೆಯೆನ್ನಿಸುವ ಹಾಗೆ ಮಾಡುವುದು ನಮ್ಮ ಕೈಚಳಕ. ಶಿಕ್ಷಕರ ಕರಕುಶಲ ಪ್ರದರ್ಶನಕ್ಕೆ ಎರಡು ತಿಂಗಳಿತ್ತು. ನಾನು ಒಳ್ಳೆಯ ಬಣ್ಣ, ಒಳ್ಳೆಯ ಕುಂಚ ತರಿಸಿ, ಇಡೀ ಮನೆಗೆ ಕೆಂಪು ಬಳಿದು, ಸಂದಿಗಳಿಗೆ ಬಿಳಿ ಗೆರೆ ಎಳೆದು ಬೀಗುತ್ತಿದ್ದೆ.

ಕಾಫಿ ಕುಡಿಯಲು ಜಗಲಿಗೆ ಬಂದ ರಂಗಪ್ಪನವರು ಲೋಟ ಕೆಳಗಿಟ್ಟು ಕುಕ್ಕರುಗಾಲಿನಲ್ಲಿ ಕೂತು ನೋಡಿದರು.

"ಯಾರ್ದು ಮೇಷ್ಟ್ರೆ ಈ ಮನೆ?"

"ಯಾರದೂ ಅಲ್ಲ ಕಣಪ್ಪ, ಮಾದರಿ."

"ಅದ್ಕೇ ಹಿಂಗೈತೆ. ಯಾರೂ ಇದ್ದಂಗೇ ಇಲ್ಲ." ಆ ಪುಟ್ಟ ಗೋಡೆಗೂ ಮುಂಗೈ ಇಟ್ಟರು. "ಮಳೆ ಯಾವ್ ಕಡೆಯಿಂದ ಬತ್ತದೆ ಇದ್ಕೆ?"

ನಾನು ನಕ್ಕೆ. "ಮೇಜಿನ ಮೇಲಿರೋ ಮನೆಗೆ ಮಳೆ ಎಲ್ಲಿಂದ ಬರ್ಬೇಕು ರಂಗಪ್ಪ?"

"ಅಂಗಲ್ಲ ಕಣ್ರೀ. ಗ್ವಾಡೆ ಅಂದ್ಮೇಲೆ ಒಂದು ಕಡೆ ಮಳೆ, ಒಂದು ಕಡೆ ಬಿಸ್ಲು. ಅದು ಗೊತ್ತಿಲ್ದೆ ಎಂಗ್ರೀ ಬಣ್ಣ ಹಾಕೋದು?"

ನಾನು ಸುಮ್ಮನೆ ಗೋಡೆಯಲ್ಲಿದ್ದ ದೀಪದ ಮಾಡಿನ ಕಡೆ ಬೆರಳು ತೋರಿಸಿ, ಆ ಕಡೆಯಿಂದ ಅಂತಿಟ್ಟುಕೋ ಅಂದೆ.

ಅಟ್ಟದ ಕೆಲಸ ಮುಗಿದ ಮೇಲೂ ಅವರು ನಾಲ್ಕು ಭಾನುವಾರ ಬಂದರು. ನನ್ನ ಕೆಂಪನ್ನೆಲ್ಲ ಉಜ್ಜಿ ತೆಗೆಸಿದರು. ಮೊದಲು ಗಾರೆಯ ಬೂದು ಬಣ್ಣವನ್ನು ನೀರಾಗಿ ಬಳಿದು ಬಟ್ಟೆಯಲ್ಲಿ ಒರೆಸಿದಾಗ ಸಂದಿಗಳಲ್ಲಿ ಮಾತ್ರ ಅದು ನಿಂತಿತು. ಬಿಳಿ ಗೆರೆ ಎಳೆಯುವ ಕಷ್ಟವೇ ಬೇಕಿರಲಿಲ್ಲ. ಆಮೇಲೆ ಒಂದೊಂದೇ ಇಟ್ಟಿಗೆ. ನನ್ನ ಕುಂಚ ಅವರಿಗೆ ಒಗ್ಗಲಿಲ್ಲ. ಪೊರಕೆಯ ಕಡ್ಡಿಯೊಂದಕ್ಕೆ ನಾಲ್ಕೆಳೆ ತೆಂಗಿನ ನಾರು ಸುತ್ತಿ ತಮ್ಮದೇ ಒಂದನ್ನು ಮಾಡಿಕೊಂಡರು. ನಾಲ್ಕು ಬಟ್ಟಲಲ್ಲಿ ನಾಲ್ಕು ಕೆಂಪು. "ಇಟ್ಟಿಗೆ ಸುಡೋ ಗೂಡಿನ ನಡುವಿಂದು ಚೆನ್ನಾಗಿ ಬೆಂದಿರ್ತದೆ, ಅಂಚಿಂದು ಹಳ್ದಿ ಹಳ್ದಿ, ಬೆಂಕಿ ಬಾಯಿಗೆ ಸಿಕ್ಕಿದ್ದು ಕಪ್ಪು. ಎಲ್ಲಾನೂ ಒಂದೇ ತರ ಬಳುದ್ರೆ ಸುಟ್ಟೋನಿಗೆ ಅವಮಾನ ಮಾಡ್ದಂಗೆ ಕಣ್ರೀ" ಎನ್ನುತ್ತಿದ್ದರು.

ಕೊನೆಯ ಉಪಾಯಕ್ಕೆ ನಾನು ಬಾಯಿ ಬಿಟ್ಟು ನೋಡಿದೆ. ಎಳನೀರು ಕುಡಿದು ಎಸೆದ ಬುರುಡೆಯ ಹಸಿ ಸಿಪ್ಪೆಯನ್ನು ಕೊಚ್ಚಿ ಎರಡು ದಿನ ನೀರಿನಲ್ಲಿ ನೆನೆಹಾಕಿದರು. ಬಟ್ಟೆಗೆ ತಾಗಿದರೆ ಜನ್ಮದಲ್ಲಿ ಹೋಗದ ಆ ಕರೆ ನಮ್ಮ ಸೀಮೆಯವರಿಗೆಲ್ಲ ಗೊತ್ತು. ನಮ್ಮ ಮನೆಯಲ್ಲಿ ಅದು ಅಂಟಿಕೊಂಡದ್ದಕ್ಕೆ ಎಷ್ಟು ಬೈಗುಳ ತಿಂದಿದ್ದೇನೋ. ಆ ಕಂದು ನೀರನ್ನು ಕಿಟಕಿಗಳ ಕೆಳಗೆ, ಸೂರಿನ ಹನಿ ಬೀಳುವ ಕಡೆ, ಮಳೆ ಬರುವ ಬದಿಯ ಮೂಲೆಯಲ್ಲಿ ತೊಟ್ಟು ತೊಟ್ಟಾಗಿ ಇಳಿಬಿಟ್ಟರು. ಬುಡದಲ್ಲಿ ಉಪ್ಪು ಹಿಡಿದ ಹಾಗೆ ಒಂದಿಷ್ಟು ಸುಣ್ಣವನ್ನು ಬೆರಳಿನಲ್ಲಿ ತೀಡಿದರು. ಒಣಗಿದ ಮೇಲೆ ನೋಡುತ್ತೇನೆ, ಅಲ್ಲಿ ಜನ ಇದ್ದರು. ಯಾರೋ ಬಾಗಿಲಿಗೆ ಒರಗಿ ಒರಗಿ ಒಂದು ಕಡೆ ನುಣುಪಾಗಿತ್ತು.

ಹಿಂದಿನ ಎರಡು ಗೋಡೆಗಳನ್ನು ಅವರು ಹೇಳಿದ ಹಾಗೆ ನಾನು ಮಾಡಿದೆ. ಮುಂದಿನ ಗೋಡೆ, ಮಳೆ ಬದಿಯ ಗೋಡೆ ಅವರ ಕೈಯದು. ಮುಗಿದ ದಿನ ಹಿಂದಿನ ಮೂಲೆಯ ಕೆಳಸಾಲಿನಲ್ಲಿ ಒಂದು ಇಟ್ಟಿಗೆಗೆ ನಾನು ಬಣ್ಣ ಹಚ್ಚಲು ಹೋದರೆ ಕೈ ಹಿಡಿದರು.

"ಅದೊಂದು ಇರ್ಲಿ ಮೇಷ್ಟ್ರೆ. ದೃಷ್ಟಿಗೆ. ನಾನು ಕಟ್ಟಿರೋ ಮನೇಲೆಲ್ಲಾ ಒಂದು ಇಟ್ಟಿಗೆ ಹಂಗೇ ಬುಟ್ಟಿದೀನಿ. ಎಲ್ಲಾ ಸರಿ ಮಾಡ್ಬುಟ್ರೆ ಮನೆಗೆ ಒಳ್ಳೇದಲ್ಲ."

ಆಗಲಿ ಅಂದೆ. ಖುಷಿಯಲ್ಲಿ "ಪ್ರದರ್ಶನಕ್ಕೆ ನೀನೂ ಬಾರಪ್ಪ" ಎಂದೂ ಅಂದೆ. ಬಾಯಿ ಮಾತಿಗೆ ಅಂದದ್ದು.

ಪ್ರದರ್ಶನದ ದಿನ ಬೆಳಿಗ್ಗೆ ಮನೆಯನ್ನು ಪೆಟ್ಟಿಗೆಗೆ ಇಡುವಾಗ ಆ ಬರಿ ಮರದ ಇಟ್ಟಿಗೆ ಕಣ್ಣಿಗೆ ಚುಚ್ಚಿತು. ತೀರ್ಪುಗಾರರು ನೋಡಿದರೆ ಮೇಷ್ಟ್ರು ಮರೆತಿದ್ದಾರೆ ಅಂದುಕೊಳ್ಳುವುದಿಲ್ಲವೇ? ಕುಂಚ ತೆಗೆದು ಒಂದೇ ಸಲಕ್ಕೆ ಬಳಿದುಬಿಟ್ಟೆ.

ಸಭಾಂಗಣದಲ್ಲಿ ನನ್ನ ಮೇಜಿನ ಸುತ್ತ ಜನ ಸೇರಿದರು. ತೀರ್ಪುಗಾರರಾಗಿ ಬಂದಿದ್ದ ಹಿರಿಯ ಮಹಿಳೆಯೊಬ್ಬರು ಕನ್ನಡಕ ಸರಿಮಾಡಿಕೊಂಡು ಮುಂದಿನ ಗೋಡೆಯನ್ನು ಬಹಳ ಹೊತ್ತು ನೋಡಿದರು. "ಅದ್ಭುತ ಸಾರ್. ಯಾರ ಹತ್ತಿರ ಕಲಿತ್ರಿ ಇದನ್ನ?"

ಆ ಪ್ರಶ್ನೆಗೆ ಒಂದೇ ಹೆಸರು ಸಾಕಿತ್ತು. ನಾನು ಅಂದದ್ದು ಇದು: "ಯಾರ ಹತ್ರಾನೂ ಇಲ್ಲ ಮೇಡಂ. ಬರೀ ಗಮನಿಸಿದ್ದು. ಮೊದಲು ಮಳೆ ಯಾವ ಕಡೆಯಿಂದ ಬರುತ್ತೆ ಅಂತ ಕೇಳ್ಕೋಬೇಕು. ಅದು ಗೊತ್ತಿಲ್ಲದೆ ಬಣ್ಣ ಹಾಕೋದು ಹೇಗೆ?"

ಎಲ್ಲರೂ ತಲೆದೂಗಿದರು. ನಾನು ಹಿಗ್ಗಿ ಗೂಡಿನ ಇಟ್ಟಿಗೆಯ ಮಾತನ್ನೂ ಹೇಳಿದೆ, ಸಿಪ್ಪೆಯ ನೀರನ್ನೂ ನನ್ನ ಪ್ರಯೋಗ ಎಂದೆ. ಹೇಳುತ್ತಾ ಹೇಳುತ್ತಾ ಜನರ ಹಿಂದೆ ಕಣ್ಣು ಹೋಯಿತು. ರಂಗಪ್ಪನವರು ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ತಲೆಗೆ ಎಣ್ಣೆ, ಕಿವಿಯ ಹಿಂದೆ ಪೆನ್ಸಿಲ್ ಇರಲಿಲ್ಲ. ನಾನು ನೋಡುತ್ತಿದ್ದುದನ್ನು ಕಂಡು ನಮ್ಮ ಹೆಡ್‌ಮಾಸ್ತರರು "ಯಾರು ಅವರು, ನಿಮ್ಮ ಕಡೆಯೋರಾ?" ಎಂದರು.

"ನಮ್ಮ ಮನೆಗೆ ಗಾರೆ ಕೆಲಸಕ್ಕೆ ಬರ್ತಾನೆ ಸಾರ್."

ಅದು ಅವರಿಗೆ ಕೇಳಿಸಿತು. ಕೇಳಿಸಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ, ಆದರೆ ಕೇಳಿಸಿತು.

ಜನ ಚದುರಿದ ಮೇಲೆ ರಂಗಪ್ಪನವರು ಹತ್ತಿರ ಬಂದರು. ಅಷ್ಟು ಹೊತ್ತಿಗೆ ನನ್ನ ಹೆಗಲ ಮೇಲೆ ಬಹುಮಾನದ ಶಾಲಿತ್ತು. ಮೇಜಿನ ಹಿಂಬದಿಗೆ ಹೋಗಿ ಬಗ್ಗಿ, ಕೆಳಸಾಲಿನ ಮೂಲೆಗೆ ಬೆರಳಿಟ್ಟರು. ಆ ಇಟ್ಟಿಗೆಯನ್ನು ಹುಡುಕಿ, ಕೆಂಪು ಕಂಡು, ಬೆರಳನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು.

"ಚೆಂದಾಗಿ ಹೇಳುದ್ರಿ ಮೇಷ್ಟ್ರೆ. ನಂಗೆ ಅಷ್ಟು ಚೆಂದಾಗಿ ಹೇಳಕ್ಕೆ ಬತ್ತಿರ್ಲಿಲ್ಲ."

ಅದರಲ್ಲಿ ಕೊಂಕು ಇರಬಹುದೆಂದು ಎಷ್ಟೋ ಸಲ ಹುಡುಕಿದ್ದೇನೆ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಇರಲಿಲ್ಲ.

ಆಮೇಲೆ ನಾನು ಅವರಿಗೆ ಮುಖ ತಪ್ಪಿಸತೊಡಗಿದೆ. ಒಮ್ಮೆ ತಿಪಟೂರಿನ ಬಸ್ ನಿಲ್ದಾಣದಲ್ಲಿ ತುರುವೇಕೆರೆ ಬಸ್ಸಿಗೆ ಕಾಯುತ್ತಾ ನಿಂತಿದ್ದರು, ಎಂದಿನಂತೆ ಕಂಬಕ್ಕೆ ಮುಂಗೈ ಇಟ್ಟುಕೊಂಡು. ನಾನು ಎಳನೀರಿನ ಗಾಡಿಯ ಮರೆಗೆ ಸರಿದು, ಬೇಡದ ಎಳನೀರೊಂದನ್ನು ಕೊಚ್ಚಿಸಿಕೊಂಡು ಬಸ್ಸು ಹೊರಡುವ ತನಕ ಕುಡಿದೆ. ಮುಂದಿನ ವರ್ಷ ಅಟ್ಟದ ಇನ್ನೊಂದು ಗೋಡೆ ಬಿರುಕು ಬಿಟ್ಟಾಗ ಬೇರೊಬ್ಬನನ್ನು ಕರೆಸಿದೆ. ಅವನು ಕೇಳದೆ ಮಾಡದೆ ಮೆಟ್ಟಿಲ ಪಕ್ಕದ ಗೋಡೆಗೂ ಸುಣ್ಣ ಹೊಡೆದು ಹೋದ. ಸಾಯಂಕಾಲ ಸ್ಕೂಲಿನಿಂದ ಬಂದು ನೋಡಿದರೆ ಅಪ್ಪನ ಕೈ ಇರಲಿಲ್ಲ. ಅದಕ್ಕೆ ಯಾರನ್ನು ಬೈಯಲಿ?

ರಂಗಪ್ಪನವರು ಹೋದ ಸುದ್ದಿ ನನಗೆ ತಡವಾಗಿ ತಿಳಿಯಿತು. ತಿಥಿ ಆಗಿ ಎರಡು ದಿನಕ್ಕೆ ಅವರ ಊರಿಗೆ ಹೋದೆ. ಹೇಳಿಬಿಡಬೇಕು, ಅವರ ಮನೆಯವರೆದುರಿಗಾದರೂ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳುತ್ತಾ ಹೋದೆ. ನೆಂಟರು ಇನ್ನೂ ಇದ್ದರು. ಅವರ ಹೆಂಡತಿ ತಾಯಮ್ಮನವರು ನನ್ನನ್ನು ಅದಕ್ಕೆ ಮುಂಚೆ ನೋಡಿದವರಲ್ಲ. ನಾನು ಹೆಸರು ಹೇಳಿದ ಕೂಡಲೇ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

"ಬನ್ನಿ ಮೇಷ್ಟ್ರೆ, ಬನ್ನಿ. ಏ, ಕುರ್ಚಿ ಹಾಕ್ರಪ್ಪ. ಇವ್ರೇ ಕಣ್ರೋ ಆ ಡ್ರಾಯಿಂಗ್ ಮೇಷ್ಟ್ರು. ನಮ್ಮೋರಿಗೆ ಮರದ ಮನೆಗೆ ಬಣ್ಣ ಹಾಕೋದು ಹೇಳ್ಕೊಟ್ಟೋರು."

ನನಗೆ ಅರ್ಥವಾಗಲಿಲ್ಲ. ತಾಯಮ್ಮ ಗೋಡೆಯ ಗೂಡಿನಿಂದ ಏನನ್ನೋ ತಂದು ನನ್ನ ಕೈಗಿಟ್ಟರು. ನನ್ನ ಕಿಟ್‌ನಲ್ಲಿ ಮಿಕ್ಕಿದ್ದ ಹಲಗೆಯ ತುಂಡು. ಕೈ ಪಳಗಲೆಂದು ರಂಗಪ್ಪನವರು ಒಯ್ದದ್ದು. ಅದರ ಮೇಲೆ ಅಂಗೈಯಗಲದ ಇಟ್ಟಿಗೆ ಗೋಡೆ, ಮಳೆ ಇಳಿದ ಕಲೆ, ಕೆಳಸಾಲಿನಲ್ಲಿ ಒಂದು ಬರಿ ಇಟ್ಟಿಗೆ.

"ನೋಡಿ, ನೀವು ಕಲ್ಸಿದ್ದು. ನಿಮ್ಗೆ ಶಾಲು ಹೊದ್ಸಿದ್ರಲ್ಲ, ಅವತ್ತು ಅವ್ರು ಮನೆಗ್ ಬಂದ್ಮೇಲೆ ನಾನೇ ಕೇಳ್ದೆ, ಯಾರ್ ಹೇಳ್ಕೊಟ್ರು ಇದ್ನ ಅಂತ. 'ನಮ್ ಮೇಷ್ಟ್ರೇ' ಅಂದ್ರು. ಬಂದೋರ್ಗೆಲ್ಲಾ ತೋರ್ಸೋರು."

ಜೋಡಿಸಿಕೊಂಡು ಬಂದ ಮಾತೆಲ್ಲ ಚೆಲ್ಲಾಪಿಲ್ಲಿಯಾಯಿತು. ಆದರೂ ಹೇಳಿದೆ. "ಇಲ್ಲ ತಾಯಮ್ಮ. ಅವರೇ ನನಗೆ ಹೇಳಿಕೊಟ್ಟದ್ದು. ಆ ಗೋಡೆ ಅವರದ್ದು. ನಾನು ಸುಳ್ಳು ಹೇಳಿ ಶಾಲು ಹೊದ್ದುಕೊಂಡೆ."

ತಾಯಮ್ಮ ಕಣ್ಣು ತುಂಬಿಕೊಂಡು ನೆಂಟರ ಕಡೆ ತಿರುಗಿದರು.

"ನೋಡುದ್ರಾ? ದೊಡ್ಡೋರು ಅಂದ್ರೆ ಹಿಂಗಿರ್ಬೇಕು. ಸತ್ತೋರಿಗೇ ಹೆಚ್ಚಿಗೆ ಮಾಡಿ ಮಾತಾಡ್ತಾರೆ."

"ಇಲ್ಲಮ್ಮ, ನಿಜವಾಗಿ" ಎಂದೆ. ಯಾರೋ ಕಾಫಿ ಲೋಟ ತಂದು ಕೈಗೆ ಕೊಟ್ಟರು. ಮುದುಕರೊಬ್ಬರು ನನಗೆ ಕೈ ಮುಗಿದರು. ಇನ್ನೂ ಎರಡು ಸಲ ಹೇಳಿದೆ. ಹೇಳಿದಷ್ಟೂ ಅವರ ಕಣ್ಣಿಗೆ ನಾನು ದೊಡ್ಡವನಾಗುತ್ತಾ ಹೋದೆ. ನಾನು ನಿಜ ಹೇಳುತ್ತಿದ್ದೇನೆಂದು ಆ ಮನೆಯಲ್ಲಿ ಬಲ್ಲವರು ಒಬ್ಬರೇ ಇದ್ದರು. ಅವರು ಹಾರ ಹಾಕಿದ ಫೋಟೋದಲ್ಲಿ, ಅದೇ ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ, ಸುಮ್ಮನಿದ್ದರು.